ಕಂಡವರು ಯಾರು?

2025ರ ಮೇ 8ರ ರಾತ್ರಿ ಕರಾಚಿಯ ಬಂದರು ನಾಶವಾಯಿತು. ಇಸ್ಲಾಮಾಬಾದ್ ನಮ್ಮ ಸೇನೆಯ ವಶವಾಯಿತು. ಪಾಕಿಸ್ತಾನದ ಸೇನಾ ಮುಖ್ಯಸ್ಥರನ್ನು ಅವರ ದೇಶದಲ್ಲೇ ಬಂಧಿಸಲಾಯಿತು. ಇದೆಲ್ಲ ಊಟದ ಹೊತ್ತಿಗೆ ಶುರುವಾಗಿ ನಾವು ಮಲಗುವ ಹೊತ್ತಿಗೆ ಮುಗಿದೇ ಹೋಯಿತು. ಮರುದಿನ ಬೆಳಗಾದಾಗ ಕರಾಚಿಯ ಬಂದರು ಇದ್ದಲ್ಲೇ ಇತ್ತು. ಇಸ್ಲಾಮಾಬಾದಿಗೆ ಯಾರೂ ಹೋಗಿರಲಿಲ್ಲ. ಸೇನಾ ಮುಖ್ಯಸ್ಥರು ತಮ್ಮ ಹುದ್ದೆಯಲ್ಲೇ ಇದ್ದರು. ಆ ತಿಂಗಳು ಮುಗಿಯುವ ಮೊದಲೇ ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯೂ ಸಿಕ್ಕಿತು.

ಆ ದಿನಗಳನ್ನು ಓದುಗರು ಮರೆತಿರಲಾರರು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಗುಂಡಿಟ್ಟು ಕೊಂದಿದ್ದರು. ಸತ್ತವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಮೇ 7ರ ನಸುಕಿನಲ್ಲಿ ಭಾರತ 'ಆಪರೇಷನ್ ಸಿಂಧೂರ'ದ ಹೆಸರಿನಲ್ಲಿ ಗಡಿಯಾಚೆಯ ಒಂಬತ್ತು ನೆಲೆಗಳ ಮೇಲೆ ದಾಳಿ ಮಾಡಿತು. ಮೇ 10ರ ಸಂಜೆ ಕದನ ನಿಂತಿತು. ನಡುವಿನ ನಾಲ್ಕು ದಿನ ಗಡಿಯಲ್ಲಿ ನಿಜವಾದ ಯುದ್ಧ ನಡೆಯುತ್ತಿದ್ದರೆ, ನಮ್ಮ ಮನೆಗಳಲ್ಲಿ ಇನ್ನೊಂದು ಯುದ್ಧ ನಡೆಯುತ್ತಿತ್ತು. ಪಡಸಾಲೆಯಲ್ಲಿ ಟಿವಿ ಸೈರನ್ ಹೊಡೆದುಕೊಳ್ಳುತ್ತಿತ್ತು. ಅಡುಗೆಮನೆಯಲ್ಲಿ ಒಂದು ಮೊಬೈಲು, ಮಂಚದ ಮೇಲೆ ಇನ್ನೊಂದು. ಫೋನಿಗೆ ಬಂದದ್ದು ಟಿವಿಯಲ್ಲಿ, ಟಿವಿಯಲ್ಲಿ ಬಂದದ್ದು ಮತ್ತೆ ಫೋನಿಗೆ. ಯಾರು ಯಾರಿಂದ ಕಲಿತರೆಂಬುದೇ ತಿಳಿಯದ ಹಾಗೆ ಸುದ್ದಿ ತನ್ನ ಬಾಲವನ್ನು ತಾನೇ ಹಿಡಿದುಕೊಂಡು ಸುತ್ತುತ್ತಿತ್ತು.

ಮರುದಿನ ಬೆಳಿಗ್ಗೆ ನಾವು ದಿನಾ ಕೂರುವ ಚಹಾದಂಗಡಿಯಲ್ಲಿ ಅದೇ ಮಾತು. 'ಕರಾಚಿ ಹ್ವಾತ್ರಿ' ಎಂದರು ಒಬ್ಬರು. 'ಯಾರ್ ನೋಡ್ಯಾರ?' ಎಂದು ಕೇಳಿದೆವು. ಕೇಳಿದ್ದು ಅಷ್ಟೇ. ಅವರು ನಕ್ಕರು. ನಗುತ್ತಲೇ 'ನಿಮಗ್ಯಾಕ ಬ್ಯಾಸರ ಆತು?' ಎಂದರು. ಅವರು ಕೆಟ್ಟವರಲ್ಲ, ಇಪ್ಪತ್ತು ವರ್ಷದ ಪರಿಚಯ. ಆ ಮಾತಿಗೆ ಅವರು ಹೆಚ್ಚು ಅರ್ಥ ಕೊಟ್ಟಿರಲಿಕ್ಕಿಲ್ಲ. ಆದರೆ ಬೆಂಚಿನ ಮೇಲಿದ್ದ ಉಳಿದ ನಾಲ್ವರು ಗ್ಲಾಸು ಹಿಡಿದು ನಮ್ಮ ಉತ್ತರಕ್ಕಾಗಿ ಕಾದರು. ಬೇರೆ ಯಾರಾದರೂ ಕೇಳಿದ್ದರೆ ಅದು ಬರೀ ಅನುಮಾನವಾಗುತ್ತಿತ್ತು. ನಾವು ಕೇಳಿದ್ದರಿಂದ ಅದಕ್ಕೆ ಬೇರೊಂದು ಬಣ್ಣ ಬಂತು.

ಅನುಮಾನಕ್ಕೆ ಕಾರಣಗಳಿದ್ದವು. ಕರಾಚಿ ಉರಿಯುತ್ತಿದೆ ಎಂದು ಹರಿದಾಡಿದ ವಿಡಿಯೊಗಳಲ್ಲಿ ಒಂದು ಅಮೆರಿಕದ ಫಿಲಡೆಲ್ಫಿಯಾದ್ದು. 2025ರ ಜನವರಿ 31ರಂದು ಅಲ್ಲಿ ರೋಗಿಯನ್ನು ಸಾಗಿಸುತ್ತಿದ್ದ ಸಣ್ಣ ವಿಮಾನವೊಂದು ಜನವಸತಿಯ ನಡುವೆ ಬಿದ್ದು ಹೊತ್ತಿಕೊಂಡಿತ್ತು. ಆಚೆ ಕಡೆಯಲ್ಲೂ ಇದೇ ಕಸುಬು ನಡೆದಿತ್ತು. ರಫೇಲ್ ವಿಮಾನವನ್ನು ಉರುಳಿಸಿದೆವು ಎಂದು ಹಂಚಿದ ಒಂದು ಚಿತ್ರ 2021ರಲ್ಲಿ ಪಂಜಾಬಿನ ಮೋಗಾ ಬಳಿ ಅಪಘಾತಕ್ಕೀಡಾದ ಮಿಗ್-21ರದ್ದು. ವಿಮಾನಗಳನ್ನು ಹೊಡೆದು ಬೀಳಿಸುವ ಕೆಲವು ದೃಶ್ಯಗಳಂತೂ 'ಆರ್ಮಾ 3' ಎಂಬ ವಿಡಿಯೊ ಗೇಮಿನವು. ಆ ಆಟವನ್ನು ತಯಾರಿಸುವ ಜೆಕ್ ದೇಶದ ಕಂಪನಿಯು ಉಕ್ರೇನ್ ಯುದ್ಧದ ಕಾಲದಲ್ಲಿ, 2022ರಲ್ಲೇ, ತನ್ನ ಆಟದ ದೃಶ್ಯಗಳನ್ನು ನಿಜವಾದ ಯುದ್ಧವೆಂದು ಹಂಚುತ್ತಿದ್ದಾರೆ ಎಂದು ಪ್ರಕಟಣೆ ಹೊರಡಿಸಬೇಕಾಗಿ ಬಂದಿತ್ತು. ಅಂಥ ವಿಡಿಯೊಗಳ ಗುರುತನ್ನೂ ಅದು ಹೇಳಿತ್ತು: ಚಿತ್ರ ಮಸುಕಾಗಿರುತ್ತದೆ, ಕ್ಯಾಮರಾ ಅಲುಗಾಡುತ್ತಿರುತ್ತದೆ, ಹೆಚ್ಚಾಗಿ ಕತ್ತಲಿರುತ್ತದೆ, ಸದ್ದು ಇರುವುದಿಲ್ಲ, ಓಡಾಡುವ ಮನುಷ್ಯರು ಕಾಣುವುದಿಲ್ಲ.

ಕತೆ ಬರೆಯುವ ನಮಗೆ ಈ ಕೊನೆಯ ಮಾತು ತುಂಬ ಹಿಡಿಸಿತು. ಮನುಷ್ಯರಿಲ್ಲದ ಯುದ್ಧವನ್ನು ಕಟ್ಟುವುದು ಸುಲಭ. ನಮ್ಮ ಕಸುಬಿನಲ್ಲಿ ಸುಳ್ಳನ್ನು ನಂಬಿಸುವುದೇ ಕೆಲಸ. ಓದುಗರಿಗೆ ಮೊದಲೇ ಗೊತ್ತಿರುವ ಒಂದು ಗಲ್ಲಿ, ಗೊತ್ತಿರುವ ಒಂದು ಮುಖ, ಮೊದಲೇ ಇರುವ ಒಂದು ಭಯ, ಇಷ್ಟಿದ್ದರೆ ಉಳಿದದ್ದನ್ನು ಓದುಗರೇ ತುಂಬಿಕೊಳ್ಳುತ್ತಾರೆ. ಯುದ್ಧಕಾಲದ ಪೋಸ್ಟು ಕೂಡ ಹೀಗೆಯೇ ಕೆಲಸ ಮಾಡುತ್ತದೆ. ಅದು ನಮಗೆ ಹೊಸದೇನನ್ನೂ ಹೇಳುವುದಿಲ್ಲ. ನಾವು ಮನಸ್ಸಿನಲ್ಲಿ ಆಗಲೇ ಬರೆದಿಟ್ಟುಕೊಂಡ ಕತೆಗೆ ಒಂದು ಚಿತ್ರವನ್ನು ತಂದು ಅಂಟಿಸುತ್ತದೆ, ಅಷ್ಟೇ. ವ್ಯತ್ಯಾಸವೆಂದರೆ ನಮ್ಮ ಕತೆಯ ತಲೆಯ ಮೇಲೆ 'ಕತೆ' ಎಂದು ಅಚ್ಚಾಗಿರುತ್ತದೆ.

ಇಂಥ ಕತೆಯೊಂದು ಪೂಂಛ್‌ನ ಮನೆಯೊಂದರ ಮೇಲೆ ಬಿದ್ದ ಬಗೆಯನ್ನು ನೋಡಿ. ಮೇ 7ರಂದು ಪಾಕಿಸ್ತಾನದ ಕಡೆಯಿಂದ ಬಂದ ಶೆಲ್‌ಗಳಿಗೆ ಪೂಂಛ್‌ನಲ್ಲಿ ಹಲವು ನಾಗರಿಕರು ಸತ್ತರು. ಅವರಲ್ಲಿ ಅಲ್ಲಿನ ಮದರಸಾವೊಂದರ ಶಿಕ್ಷಕರೂ ಒಬ್ಬರು. ಗಡ್ಡ, ಟೊಪ್ಪಿಗೆಯ ಅವರ ಫೋಟೊ ಸಾಮಾಜಿಕ ಜಾಲತಾಣಗಳಲ್ಲಿ, ಅದರ ಹಿಂದೆಯೇ ಕೆಲವು ರಾಷ್ಟ್ರೀಯ ಟಿವಿ ವಾಹಿನಿಗಳಲ್ಲಿ ಕಾಣಿಸಿಕೊಂಡಿತು. ಗಡಿಯಾಚೆ ನಮ್ಮ ದಾಳಿಯಲ್ಲಿ ಹತನಾದ ಭಯೋತ್ಪಾದಕ ಎಂಬ ವಿವರಣೆಯೊಂದಿಗೆ. ಸತ್ತದ್ದು ಈಚೆ, ಕೊಂದದ್ದು ಆಚೆಯ ಶೆಲ್ಲು, ಸತ್ತವರು ಈ ದೇಶದ ಪ್ರಜೆ. ಮೂರನ್ನೂ ತಿರುವು ಮುರುವು ಮಾಡಲು ಒಂದು ಫೋಟೊ ಸಾಕಾಯಿತು. ಇದು ಸುಳ್ಳು, ಅವರು ಊರಿನ ಗೌರವಾನ್ವಿತ ಧಾರ್ಮಿಕ ವ್ಯಕ್ತಿ, ಭಯೋತ್ಪಾದನೆಯೊಂದಿಗೆ ಅವರಿಗೆ ಸಂಬಂಧವಿಲ್ಲ ಎಂದು ಪೂಂಛ್ ಪೊಲೀಸರೇ ಪ್ರಕಟಣೆ ಕೊಡಬೇಕಾಯಿತು. ಜೂನ್ ಕೊನೆಯಲ್ಲಿ ಅಲ್ಲಿನ ನ್ಯಾಯಾಲಯವು ಈ ಸುದ್ದಿಯ ಬಗ್ಗೆ ಎಫ್‌ಐಆರ್ ದಾಖಲಿಸಲು ಆದೇಶಿಸಿತು. ಆ ಮನೆಯವರ ಸ್ಥಿತಿಯನ್ನು ಯೋಚಿಸಿ. ಮಯ್ಯತ್ತಿನ ಮುಂದೆ ಕುಳಿತು ಅಳುವ ಹೊತ್ತಿನಲ್ಲಿ ಸತ್ತವರು ಭಯೋತ್ಪಾದಕರಲ್ಲ ಎಂದು ರುಜುವಾತು ಮಾಡುವ ಕೆಲಸ ಅವರ ಪಾಲಿಗೆ ಬಂತು.

ಇದನ್ನು ಓದುವಾಗ ನಮ್ಮವರು ತಲೆಯಾಡಿಸುತ್ತಾರೆಂದು ಗೊತ್ತು. ಮಾಧ್ಯಮಗಳು ಹೀಗೆಯೇ, ನಮ್ಮ ಮೇಲೆ ಯಾವಾಗಲೂ ಹೀಗೆಯೇ ಎನ್ನುತ್ತಾರೆ. ಹಾಗಾದರೆ ಒಂದು ವಾರದ ನಂತರ ನಮ್ಮದೇ ಜಿಲ್ಲೆಗಳ ಹೆಸರಿನಲ್ಲಿ ಬಂದ ಇನ್ನೊಂದು ಸುದ್ದಿಯನ್ನೂ ನೋಡಬೇಕು.

ಕರ್ನಲ್ ಸೋಫಿಯಾ ಖುರೇಷಿಯವರ ಪತಿಯ ಮನೆ ಬೆಳಗಾವಿ ಜಿಲ್ಲೆ ಗೋಕಾಕ ತಾಲ್ಲೂಕಿನ ಕೊಣ್ಣೂರಿನಲ್ಲಿದೆ. ಸೇನೆಯ ಪರವಾಗಿ ಅವರು ದೇಶದ ಮುಂದೆ ಮಾತನಾಡಿದ್ದನ್ನು ಕಂಡು ಕೊಣ್ಣೂರು ಸಂಭ್ರಮಪಟ್ಟಿತ್ತು. ಮೇ 12ರಂದು ಮಧ್ಯಪ್ರದೇಶದ ಸಚಿವರೊಬ್ಬರು ಅವರ ಬಗ್ಗೆ ಆಡಿದ ಮಾತು ಎಷ್ಟು ಕೀಳಾಗಿತ್ತೆಂದರೆ ಅಲ್ಲಿನ ಹೈಕೋರ್ಟ್ ತಾನಾಗಿಯೇ ಎಫ್‌ಐಆರ್‌ಗೆ ಆದೇಶಿಸಿತು. ಅದೇ ಹೊತ್ತಿಗೆ ಎಕ್ಸ್ ಜಾಲತಾಣದಲ್ಲಿ ಒಂದು ಪೋಸ್ಟು ಬಂತು: ಬೆಳಗಾವಿಯಲ್ಲಿ ಸೋಫಿಯಾ ಅವರ ಮನೆಯ ಮೇಲೆ ಆರೆಸ್ಸೆಸ್‌ನವರು ದಾಳಿ ಮಾಡಿದ್ದಾರೆ, ಮನೆ ಧ್ವಂಸವಾಗಿದೆ ಎಂದು. ಬೆಳಗಾವಿಯ ಪೊಲೀಸ್ ವರಿಷ್ಠಾಧಿಕಾರಿ ಕೂಡಲೇ ಅದು ಸುಳ್ಳೆಂದು ತಿಳಿಸಿದರು. ಪೋಸ್ಟು ಅಳಿಸಿಹೋಯಿತು. ಬರೆದವನು ಕೆನಡಾದಲ್ಲಿ ಇರುವಂತಿದೆ ಎಂದು ಪೊಲೀಸರು ಹೇಳಿದರು, ಮೊಕದ್ದಮೆ ಹೂಡಿದರು, ಕೊಣ್ಣೂರಿನ ಆ ಮನೆಗೆ ಕಾವಲು ಹಾಕಿದರು.

ಪೋಸ್ಟು ಅಳಿಸಿದರೂ ಅದರ ಪ್ರತಿಗಳು ಉಳಿದಿದ್ದವು. ನಮ್ಮ ಮೊಹಲ್ಲಾದ ವಾಟ್ಸಾಪ್ ಗುಂಪಿಗೆ ಅದು ಮಗರಿಬ್ ಕಳೆದ ಮೇಲೆ ಬಂತು. 'ಯಾರು ಕಂಡಿದ್ದಾರೆ?' ಎಂದು ಇಲ್ಲಿಯೂ ಕೇಳಿದೆವು. ಉರ್ದುವಿನಲ್ಲಿ ಬಂದ ಉತ್ತರದ ಅರ್ಥ ಇಷ್ಟು: 'ನಿಮಗೆ ನಮ್ಮವರ ನೋವು ಕಾಣುವುದಿಲ್ಲವೇ?' ಚಹಾದಂಗಡಿಯಲ್ಲಿ ದೇಶದ ಮೇಲೆ ನಮಗಿರುವ ಪ್ರೀತಿಯನ್ನು ಅಳೆದವರಿದ್ದರೆ, ಇಲ್ಲಿ ಕೋಮಿನ ಮೇಲೆ ನಮಗಿರುವ ಪ್ರೀತಿಯನ್ನು ಅಳೆಯುವವರಿದ್ದರು. ಪ್ರಶ್ನೆ ಒಂದೇ, ಅದಕ್ಕೆ ಸಿಕ್ಕ ಆರೋಪ ಎರಡು. ಗೋಕಾಕದಲ್ಲಿರುವ ನಮ್ಮ ನೆಂಟರಿಗೆ ಫೋನು ಹಚ್ಚಿದೆವು. 'ಇಲ್ಲೇನೂ ಆಗಿಲ್ಲ, ಊರು ತಣ್ಣಗಿದೆ' ಎಂದರು. ಅದನ್ನು ಗುಂಪಿನಲ್ಲಿ ಹಾಕಿದ ಮೇಲೆ ಯಾರೂ ಏನೂ ಬರೆಯಲಿಲ್ಲ. ಸುಳ್ಳು ಬಂದಾಗ ಎದ್ದ ಗದ್ದಲದ ಹತ್ತರಲ್ಲೊಂದು ಪಾಲೂ ನಿಜ ಬಂದಾಗ ಏಳಲಿಲ್ಲ.

ಆ ಸುಳ್ಳನ್ನು ಜನ ಯಾಕೆ ನಂಬಿದರು ಎಂಬುದು ಕಷ್ಟದ ಪ್ರಶ್ನೆಯಲ್ಲ. ಸಚಿವರ ಮಾತು ನಿಜವಾಗಿತ್ತು, ಅವಮಾನ ನಿಜವಾಗಿತ್ತು. ಆ ನಿಜದ ಗಾಯ ಹಸಿಯಿರುವಾಗಲೇ ಸುಳ್ಳು ಬಂದು ಅದರ ಮೇಲೆ ಕುಳಿತಿತು. ಪಹಲ್ಗಾಮ್‌ನ ಗಾಯವೂ ನಿಜವಾಗಿತ್ತು, ಕರಾಚಿಯ ಸುಳ್ಳು ಅದರ ಮೇಲೆ ಕುಳಿತಿತ್ತು. ನಮ್ಮನ್ನು ತುಂಬ ಖುಷಿಪಡಿಸುವ ಸುದ್ದಿಯನ್ನೂ ತುಂಬ ಕೆರಳಿಸುವ ಸುದ್ದಿಯನ್ನೂ ಉಳಿದವುಗಳಿಗಿಂತ ಹೆಚ್ಚು ಹೊತ್ತು ತಡೆದು ನೋಡಬೇಕಾದದ್ದು ಈ ಕಾರಣಕ್ಕೆ.

ಹಾಗಾದರೆ ನೋಡುವುದು ಹೇಗೆ? 1999ರ ಕಾರ್ಗಿಲ್ ಯುದ್ಧದ ಕಾಲಕ್ಕೆ ನಮ್ಮ ಮನೆಯಲ್ಲಿ ರೇಡಿಯೊ ಇತ್ತು. ಅಬ್ಬಾ ಬೆಳಿಗ್ಗೆ ಆಕಾಶವಾಣಿಯ ಕನ್ನಡ ವಾರ್ತೆ ಕೇಳುವರು, ರಾತ್ರಿ ಬಿಬಿಸಿಯ ಉರ್ದು 'ಸೈರ್‌ಬೀನ್' ಕೇಳುವರು, ಗಾಳಿ ಅನುಕೂಲವಾಗಿದ್ದರೆ ಆಚೆಯ ರೇಡಿಯೊವನ್ನೂ ಹಿಡಿಯುವರು. ಅವರ ಸೂತ್ರ ಸರಳ. ಒಬ್ಬ ತನ್ನನ್ನು ತಾನು ಹೊಗಳಿಕೊಂಡರೆ ಅರ್ಧ ನಂಬು, ತನಗೆ ನಷ್ಟವಾಗುವ ಮಾತನ್ನು ತಾನೇ ಒಪ್ಪಿದರೆ ಪೂರ್ತಿ ನಂಬು. ಆ ಬೇಸಿಗೆಯಲ್ಲಿ ಪಾಕಿಸ್ತಾನ, ಬೆಟ್ಟದ ಮೇಲಿರುವವರು ನಮ್ಮ ಸೈನಿಕರಲ್ಲ, ಮುಜಾಹಿದೀನರು ಎನ್ನುತ್ತಿತ್ತು. ಮುಂದೆ ಅದೇ ಬೆಟ್ಟದ ಮೇಲೆ ಸತ್ತ ತನ್ನ ಸೇನೆಯ ಕರ್ನಲ್ ಶೇರ್ ಖಾನ್, ಲಾಲಕ್ ಜಾನ್ ಇಬ್ಬರಿಗೂ ತನ್ನ ಅತ್ಯುನ್ನತ ಸೇನಾ ಗೌರವವಾದ ನಿಶಾನ್-ಎ-ಹೈದರ್ ಕೊಟ್ಟಿತು. ಬಾಯಿ ಮುಚ್ಚಿಟ್ಟದ್ದನ್ನು ಪದಕ ಹೇಳಿತು.

ಅಬ್ಬಾನ ಸೂತ್ರ ಈಗಲೂ ಕೆಲಸಕ್ಕೆ ಬರುತ್ತದೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ವಿದೇಶಾಂಗ ಸಚಿವ ಇಶಾಕ್ ದಾರ್ ಸೆನೆಟ್‌ನಲ್ಲಿ ನಿಂತು, ಲಂಡನ್ನಿನ 'ಡೈಲಿ ಟೆಲಿಗ್ರಾಫ್' ತಮ್ಮ ವಾಯುಪಡೆಯನ್ನು ಹಾಡಿ ಹೊಗಳಿದೆ ಎಂದರು. ಆ ಮುಖಪುಟವೇ ನಕಲಿ ಎಂದು ತೋರಿಸಿದ್ದು ಪಾಕಿಸ್ತಾನದ್ದೇ 'ಡಾನ್' ಪತ್ರಿಕೆ. ಯುದ್ಧದ ಬಿಸಿ ಆರುವ ಮೊದಲು ತನ್ನ ಸರ್ಕಾರದ ಮಾತನ್ನು ತಾನೇ ಸುಳ್ಳೆಂದ ಪತ್ರಿಕೆಯ ಮಾತಿಗೆ ತೂಕವಿದೆ.

ಆದರೆ ಈಗಿನವರು ಈ ಸೂತ್ರವನ್ನೂ ನಕಲು ಮಾಡಲು ಕಲಿತಿದ್ದಾರೆ. ಆ ನಾಲ್ಕು ದಿನಗಳಲ್ಲೇ ಪಾಕಿಸ್ತಾನ ಸೇನೆಯ ವಕ್ತಾರರು 'ಎರಡು ವಿಮಾನ ಕಳೆದುಕೊಂಡೆವು' ಎಂದು ಒಪ್ಪಿಕೊಳ್ಳುವ ವಿಡಿಯೊ ಬಂತು. ಅದು ಹಳೆಯ ಪತ್ರಿಕಾಗೋಷ್ಠಿಯ ಚಿತ್ರ. ದನಿಯನ್ನೂ ತುಟಿಯ ಚಲನೆಯನ್ನೂ ಕೃತಕ ಬುದ್ಧಿಮತ್ತೆಯಿಂದ ಹೊಸದಾಗಿ ಹೊಲಿಯಲಾಗಿತ್ತು. ಮೇ 9ರಂದು ಪಾಕಿಸ್ತಾನದ ಆರ್ಥಿಕ ವ್ಯವಹಾರಗಳ ಇಲಾಖೆಯ ಅಧಿಕೃತ ಖಾತೆಯಿಂದಲೇ, ಶತ್ರುವಿನಿಂದ ಭಾರಿ ನಷ್ಟವಾಗಿದೆ, ಸಾಲ ಕೊಡಿ ಎಂಬ ಮನವಿ ಹೊರಟಿತು. ಖಾತೆಗೆ ಯಾರೋ ಕನ್ನ ಹಾಕಿದ್ದಾರೆ ಎಂದು ಇಲಾಖೆ ಆಮೇಲೆ ಹೇಳಿತು. ಎದುರಾಳಿಯ ತಪ್ಪೊಪ್ಪಿಗೆಗಿಂತ ಹೆಚ್ಚಾಗಿ ನಮ್ಮ ಮನಸ್ಸು ಬಯಸುವುದು ಬೇರೇನಿದೆ? ಅದನ್ನೇ ತಯಾರಿಸಿ ಕೊಟ್ಟರು.

ಇಲ್ಲಿ ನಮಗೆ ನೆನಪಾಗುವುದು ಮಕ್ತಬಿನಲ್ಲಿ ಉಸ್ತಾದರು ಹೇಳಿಕೊಟ್ಟ ಪಾಠ. ಹದೀಸುಗಳನ್ನು ಸಂಗ್ರಹಿಸಿದ ವಿದ್ವಾಂಸರು ಮಾತು ಎಷ್ಟು ಚೆನ್ನಾಗಿದೆ ಎಂದಷ್ಟೇ ನೋಡಲಿಲ್ಲ. ಇದನ್ನು ಯಾರು ಯಾರಿಂದ ಕೇಳಿದರು, ಅವರು ಯಾರಿಂದ, ಕೊನೆಗೆ ಕಣ್ಣಾರೆ ಕಂಡು ಕಿವಿಯಾರೆ ಕೇಳಿದವರು ಯಾರು ಎಂದು ಕೊಂಡಿ ಕೊಂಡಿಯಾಗಿ ಹಿಂದಕ್ಕೆ ಹೋದರು. ಆ ಸರಪಣಿಗೆ ಸನದ್ ಎನ್ನುತ್ತಾರೆ. ಒಂದು ಕೊಂಡಿ ಕಾಣೆಯಾದರೆ ಮಾತು ಎಷ್ಟೇ ಸುಂದರವಾಗಿದ್ದರೂ ದುರ್ಬಲ. ಒಬ್ಬ ದೊಡ್ಡ ಭಕ್ತನೇ ಆಗಿದ್ದರೂ ಮರೆವಿನವನಾಗಿದ್ದರೆ ಅವನ ವರದಿಯನ್ನು ಬದಿಗಿಟ್ಟರು. ಅವರ ಇನ್ನೊಂದು ವಿವೇಕ ಈ ಕಾಲಕ್ಕೆ ಇನ್ನೂ ಹೆಚ್ಚು ಒಪ್ಪುತ್ತದೆ. ನೂರು ಜನ ಹೇಳುವ ಮಾತು ಹಿಂದೆ ಹಿಂದೆ ಹೋದಾಗ ಒಬ್ಬನೇ ಒಬ್ಬನಲ್ಲಿ ಹೋಗಿ ನಿಂತರೆ ಅದಕ್ಕೆ ಒಬ್ಬನ ಮಾತಿನ ತೂಕವೇ. ಕನ್ನಡ ಶಾಲೆಯಲ್ಲಿ ಮೇಷ್ಟರು ಹೇಳುತ್ತಿದ್ದ ಗಾದೆಯೂ ಇದೇ ದಾರಿಯದು: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.

ಫೋನಿನಲ್ಲಿ ಇದನ್ನು ಮಾಡುವುದು ನಾವು ತಿಳಿದಷ್ಟು ಕಷ್ಟವಲ್ಲ. ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅದು ಮೊದಲು ಎಲ್ಲೆಲ್ಲಿ ಬಂದಿತ್ತೆಂದು ಹಲವು ಸಲ ತಿಳಿಯುತ್ತದೆ. ಫಿಲಡೆಲ್ಫಿಯಾ, ಮೋಗಾದಂಥ ಹಳೆಯ ಚಿತ್ರಗಳು ಸಿಕ್ಕಿಬೀಳುವುದು ಹೀಗೆ. ಅಂಗಡಿಯ ಬೋರ್ಡು ಯಾವ ಲಿಪಿಯಲ್ಲಿದೆ, ವಾಹನಗಳು ರಸ್ತೆಯ ಯಾವ ಬದಿಯಲ್ಲಿ ಓಡುತ್ತಿವೆ, ಆ ಊರಿನಲ್ಲಿ ಆ ಹೊತ್ತಿಗೆ ಹಗಲೋ ರಾತ್ರಿಯೋ ಎಂದು ಸುಮ್ಮನೆ ಕಣ್ಣಾಡಿಸಬೇಕು. ಹೆಸರಿನ ಮುಂದಿನ ನೀಲಿ ಗುರುತನ್ನು ಕಂಡು ಮಣಿಯಬೇಕಿಲ್ಲ. 2023ರಿಂದ ಎಕ್ಸ್‌ನಲ್ಲಿ ಆ ಗುರುತು ದುಡ್ಡು ಕೊಟ್ಟರೆ ಸಿಗುವ ವಸ್ತು. ಹೆಚ್ಚು ಜನ ನೋಡಿದರೆ ಖಾತೆದಾರನಿಗೆ ಹಣವೂ ಬರುವ ಏರ್ಪಾಡಿದೆ. ಯಂತ್ರವನ್ನೇ ಕೇಳಿಬಿಡೋಣ ಎಂದರೆ ಅದೂ ಸನದ್ ಅಲ್ಲ. ಆ ದಿನಗಳಲ್ಲಿ ಎಕ್ಸ್‌ನ 'ಗ್ರೋಕ್' ಸುಡಾನಿನ ಖಾರ್ಟೂಮ್ ವಿಮಾನ ನಿಲ್ದಾಣದ ಹಳೆಯ ವಿಡಿಯೊವನ್ನು ಪಾಕಿಸ್ತಾನದ ನೂರ್ ಖಾನ್ ವಾಯುನೆಲೆಯ ಮೇಲಿನ ದಾಳಿ ಎಂದು ಹೇಳಿಬಿಟ್ಟಿತ್ತು.

ಇನ್ನೊಂದು ಎಚ್ಚರವೂ ಬೇಕು. ಚಿತ್ರ ಸುಳ್ಳಾದ ಮಾತ್ರಕ್ಕೆ ಅದರ ಹಿಂದಿನ ಘಟನೆಯೆಲ್ಲ ಸುಳ್ಳಾಗುವುದಿಲ್ಲ. ಮೋಗಾದ ಚಿತ್ರ ಹಳೆಯದಾಗಿತ್ತು, ನಿಜ. ಆದರೆ ಮೇ 31ರಂದು ಸಿಂಗಪುರದಲ್ಲಿ ನಮ್ಮ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್, ಭಾರತವೂ ವಿಮಾನಗಳನ್ನು ಕಳೆದುಕೊಂಡಿದೆ ಎಂದು ಒಪ್ಪಿಕೊಂಡರು. ಎಷ್ಟು ಎಂದು ಹೇಳಲಿಲ್ಲ. ಆರು ಎಂಬ ಪಾಕಿಸ್ತಾನದ ಲೆಕ್ಕ ಪೂರ್ತಿ ತಪ್ಪು ಎಂದರು. ಯುದ್ಧದಲ್ಲಿ ಸರ್ಕಾರಗಳು ಕೆಲವನ್ನು ಹೇಳದೆ ಇಡುತ್ತವೆ, ಅದಕ್ಕೆ ಅವುಗಳದೇ ಕಾರಣಗಳಿರುತ್ತವೆ. ಆದರೆ ಆ ಮೌನದ ಜಾಗದಲ್ಲೇ ಗಾಳಿಸುದ್ದಿ ಮನೆ ಮಾಡುತ್ತದೆ. ಆ ವಾರ ಭಾರತ ಸರ್ಕಾರ 8,000ಕ್ಕೂ ಹೆಚ್ಚು ಖಾತೆಗಳನ್ನು ತಡೆಯಲು ಎಕ್ಸ್‌ಗೆ ಆದೇಶಿಸಿತ್ತು. ಅವುಗಳಲ್ಲಿ ಸುಳ್ಳು ಹರಡುವವರಲ್ಲದೆ ಸುದ್ದಿಸಂಸ್ಥೆಗಳೂ ಇದ್ದವು. ಕರಾಚಿಯನ್ನು ಸುಟ್ಟ ಟಿವಿ ವಾಹಿನಿಗಳು ಮಾತ್ರ ಎಂದಿನಂತೆ ನಡೆದವು.

ಗಾಳಿಸುದ್ದಿ ಕೊಲ್ಲುತ್ತದೆ ಎಂಬುದಕ್ಕೆ ನಾವು ಕಾಶ್ಮೀರದವರೆಗೆ ಹೋಗಬೇಕಿಲ್ಲ. 2018ರ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸುದ್ದಿಯನ್ನು ನಂಬಿದ ಜನ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಅಲ್ಲಿ ಯುದ್ಧವಿರಲಿಲ್ಲ, ಇದ್ದದ್ದು ಮಕ್ಕಳ ಮೇಲಿನ ಪ್ರೀತಿ ಮತ್ತು ಭಯ. ಆ ವರ್ಷವೇ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆ ಮಾತ್ರ ಕಳಿಸಬಹುದೆಂದು ಮಿತಿ ಹಾಕಿತು. ಹಲವು ಕೈ ದಾಟಿ ಬಂದ ಸಂದೇಶಕ್ಕೆ ಈಗ ಜೋಡಿ ಬಾಣದ ಗುರುತು ಇರುತ್ತದೆ. ಆ ಗುರುತಿನ ಅರ್ಥ ಇಷ್ಟೇ: ಇದರ ಸನದ್ ಕಳೆದುಹೋಗಿದೆ.

ಮುಂದೆಯೂ ಇಂಥ ರಾತ್ರಿಗಳು ಬರುತ್ತವೆ. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ನಡುವೆ ಯುದ್ಧ ಹೊತ್ತಿಕೊಂಡಾಗಲೂ ಆಟದ ದೃಶ್ಯಗಳು, ಯಂತ್ರ ಬರೆದ ಚಿತ್ರಗಳು ಮತ್ತೆ ಬಂದವು. ಅಂಥ ಹೊತ್ತಿನಲ್ಲಿ ಲೆನ್ಸು, ಬೋರ್ಡು, ಬಾಣದ ಗುರುತು ಎಲ್ಲ ನೆರವಿಗೆ ಬರುತ್ತವೆ. ಆದರೆ ಅವುಗಳನ್ನು ಬಳಸುವ ಮೊದಲು ಪ್ರಶ್ನೆ ಕೇಳುವವನಿಗೆ ಸ್ವಲ್ಪ ಜಾಗ ಬೇಕು. ಚಹಾದಂಗಡಿಯ ಗೆಳೆಯರಲ್ಲಿ ನಮ್ಮ ಬೇಡಿಕೆ ಒಂದೇ. ನಾವು 'ಯಾರು ಕಂಡರು' ಎಂದಾಗ ಅದರಲ್ಲಿ ಬೇರೆ ಅರ್ಥ ಹುಡುಕಬೇಡಿ. ಸೇನೆಗೆ ಮಗನನ್ನು ಕಳಿಸಿದ ತಾಯಿಗೂ ಬೇಕಾದದ್ದು ನಿಜವಾದ ಸುದ್ದಿಯೇ. ಮೊಹಲ್ಲಾದ ಗೆಳೆಯರಲ್ಲೂ ಅದೇ ಬೇಡಿಕೆ. ಪೂಂಛ್‌ನ ಶಿಕ್ಷಕರ ಬಗ್ಗೆ ಲೋಕ ಪರೀಕ್ಷಿಸಿ ಮಾತನಾಡಬೇಕಿತ್ತು ಎನ್ನುವ ನಾವು, ಕೊಣ್ಣೂರಿನ ಬಗ್ಗೆ ಪರೀಕ್ಷಿಸದೆ ಮಾತನಾಡಿದರೆ ನಮ್ಮ ದೂರಿಗೆ ಕಾಲಿರುವುದಿಲ್ಲ. ಬೆಳಗಾಗುವ ತನಕ, ಗೋಕಾಕದಿಂದ ಯಾರಾದರೂ ಫೋನೆತ್ತುವ ತನಕ, 'ಇನ್ನೂ ಗೊತ್ತಿಲ್ಲ' ಎಂದು ಹೇಳುವ ಅವಕಾಶ ಎರಡೂ ಕಡೆ ಉಳಿದಿರಲಿ.